‘ಹೊಡಿ’ ಅಂದದ್ದು ಯಾರಿಗೆ?

ಕರ್ಜಗಿಯ ಜಯವ್ವನಿಗೆ ಒಬ್ಬ ಜ್ಯೋತಿಷಿ, “ನಿಮ್ಮ ರಾಶಿ ಯಾವುದು ತಾಯಿ?” ಎಂದು ಕೇಳಿದ್ದನಂತೆ.

“ಗೋವಿನಜ್ವಾಳದ ರಾಶಿರೀ. ಅದರ ಸಲುವಾಗೇ ಕೋರ್ಟಿಗೆ ಅಡ್ಡಾಡಾಕತ್ತೇನಿ” ಎಂದಳಂತೆ ಈಕೆ. ಜ್ಯೋತಿಷಿ ದಕ್ಷಿಣೆಯನ್ನೂ ಕೇಳದೆ ಎದ್ದುಹೋದ.

ಮಾತು ತಮಾಷೆಯದು, ಸಂಗತಿ ತಮಾಷೆಯದಲ್ಲ. ಆ ಮೆಕ್ಕೆಜೋಳ ಒಕ್ಕಿ ರಾಶಿ ಮಾಡಿದ ದಿನ ಒಂದು ಜೀವ ಹೋಗಿತ್ತು. ಅದಕ್ಕಾಗಿ ಕೆಳಗಿನ ಕೋರ್ಟು ಜಯವ್ವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಅಪೀಲು ತೀರುವ ತನಕ ಜಾಮೀನು ಸಿಕ್ಕಿತಾದರೂ ಷರತ್ತಿನಂತೆ ಕರ್ಜಗಿಗೆ ಕಾಲಿಡುವಂತಿರಲಿಲ್ಲ. ಹೀಗಾಗಿ ಬ್ಯಾಡಗಿಯಲ್ಲಿ ಮಗಳು ನಾಗಲಕ್ಷ್ಮಿಯ ಮನೆಯಲ್ಲಿದ್ದುಕೊಂಡು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ದಿನ ಅಲ್ಲಿಯ ಮಂಗಳವ್ವ ತನ್ನ ಗೋಣಿತಟ್ಟನ್ನು ಮಾರುದೂರ ಎಳೆದುಕೊಂಡಳು.

“ಕೊಲಿ ಕೇಸಿನಾಕಿ ಬಾಜೂಕ ನಾ ಕುಂದ್ರಂಗಿಲ್ಲವಾ.”

“ಕುಂದರ ಬಾ ಯಕ್ಕ. ನನಗಿಂತ ಈ ಕಾಯೇ ಖಾರ ಅದಾವು.”

ಮಂಗಳವ್ವ ನಕ್ಕಳು, ಸೀನಿದಳು, ಮತ್ತೆ ಹತ್ತಿರ ಬಂದಳು.

ನಡೆದದ್ದು ಇಷ್ಟು. ಜಯವ್ವನ ಗಂಡ ಗೋಣೆಪ್ಪ ತೀರಿಕೊಂಡ ಮೇಲೆ ಅವನ ಅಣ್ಣ ಡಾಕಪ್ಪ, ಹೊಲ ತನ್ನದೆಂದು ತಕರಾರು ತೆಗೆದ. ಹೊಲದ ದಾವೆ ಆಮೆಯ ಜೊತೆ ಪಂದ್ಯ ಕಟ್ಟಿ ಸೋಲುವ ವೇಗದಲ್ಲಿ ಸಾಗಿತ್ತು. ಮಳೆಗೆ ಮಾತ್ರ ವಾಯಿದೆ ಕೇಳುವ ರೂಢಿಯಿಲ್ಲ. ಅದು ಬಂತು, ಜಯವ್ವ ಬಿತ್ತಿದಳು. ಬೆಳೆ ಬಂತು, ಒಕ್ಕಿದಳು. ರಹಿಮಾನಸಾಬನ ಟ್ರ್ಯಾಕ್ಟರಿಗೆ ಚೀಲ ಹೇರಿಸಿ, ತಾನೇ ಚೀಲಗಳ ಮೇಲೆ ಹತ್ತಿ ಕೂತಳು. ಟ್ರ್ಯಾಕ್ಟರ್ ನಡೆಸಲು ರಹಿಮಾನಸಾಬನೇ ಮುಂದೆ ಕೂತಿದ್ದ. ಅಷ್ಟರಲ್ಲಿ ಡಾಕಪ್ಪ ತನ್ನ ಮಗ ಹುಲಿಗೇಶನೊಡನೆ ಬಂದ. ಹುಲಿಗೇಶ ಟ್ರೇಲರ್ ಹತ್ತಿ ಚೀಲಗಳನ್ನು ಕೆಳಗೆ ಉರುಳಿಸತೊಡಗಿದ. ಕೆಳಗೆ ಜಯವ್ವನ ತಮ್ಮ ಪುಂಡಲೀಕ ಬಡಿಗೆ ಹಿಡಿದು ನಿಂತಿದ್ದ.

ಜಯವ್ವ ಕೂಗಿದಳು: “ಹೊಡಿ! ಏನ್ ನೋಡಾಕತ್ತಿ, ಹೊಡಿ!”

ಟ್ರ್ಯಾಕ್ಟರ್ ಮುಂದೆ ಹೋಯಿತು. ಹುಲಿಗೇಶ ಕೆಳಗೆ ಜಿಗಿದ. ಪುಂಡಲೀಕ ಅವನ ತಲೆಗೆ ಹೊಡೆದ. ಹುಡುಗ ಹಾವೇರಿಯ ಆಸ್ಪತ್ರೆ ಮುಟ್ಟಲಿಲ್ಲ.

ನಮ್ಮ ಕಡೆ ‘ಹೊಡಿ’ ಎಂಬ ಮಾತಿಗೆ ಬಿಡುವೇ ಇಲ್ಲ. ಗಾಡಿ ಹೊಡೆಯುತ್ತಾರೆ, ಕುಂಟೆ ಹೊಡೆಯುತ್ತಾರೆ, ಎಣ್ಣೆ ಹೊಡೆಯುತ್ತಾರೆ—ಬೆಳೆಗೂ, ಸಂಜೆಯಾದರೆ ತಮಗೂ. ಹರಟೆ ಹೊಡೆಯುತ್ತಾರೆ, ನಿದ್ದೆ ಹೊಡೆಯುತ್ತಾರೆ. ಇಷ್ಟೆಲ್ಲ ಆಗಿ ಪುರಸೊತ್ತು ಉಳಿದರೆ ಮನುಷ್ಯರನ್ನೂ ಹೊಡೆಯುತ್ತಾರೆ. ಫಿರ್ಯಾದಿಯಲ್ಲಿ ಉಳಿದದ್ದು ಕೊನೆಯ ಅರ್ಥವೊಂದೇ. ಅಕ್ಕ ಹೊಡಿ ಅಂದಳು, ತಮ್ಮ ಹೊಡೆದ.

ಆಗಿನ ವಕೀಲರಾದರೂ ಯಾರಿಗೆ ಹೊಡಿ, ಏನು ಹೊಡಿ ಎಂದು ಕೇಳಬೇಕಿತ್ತು. ಅವರು ಆರಿಸಿಕೊಂಡ ಹಾದಿ ಬೇರೆ. ಜಯವ್ವ ಆ ದಿನ ಕಣದಲ್ಲಿ ಇರಲೇ ಇಲ್ಲ, ಬ್ಯಾಡಗಿಯಲ್ಲಿದ್ದಳು ಎಂದುಬಿಟ್ಟರು. ಹೀಗಾಗಿ ರಹಿಮಾನಸಾಬನನ್ನು ಸಾಕ್ಷಿಗೆ ಕರೆಯುವ ಮಾತೇ ಬರಲಿಲ್ಲ. ಚೀಲಗಳ ಗುಡ್ಡದ ಮೇಲೆ ಕೂತಿದ್ದವಳನ್ನು ಅರ್ಧ ಊರು ನೋಡಿತ್ತು. ಸುಳ್ಳು ಉರುಳಿತು, ಜೊತೆಗೆ ಜಯವ್ವನೂ.

ಅಪೀಲು ಹಿಡಿದವರು ರಾಣೆಬೆನ್ನೂರಿನ ವಿರೂಪಾಕ್ಷಪ್ಪ ವಕೀಲರು. ಅವರ ಕಚೇರಿಯಲ್ಲಿ ಜೂನಿಯರ್ ಅಂಜಲಿ, ಎದುರಿಗೆ ಕೂತ ಜಯವ್ವನಿಗೂ ಕೇಳುವಂತೆ, ಸಾಕ್ಷಿಗಳ ಇಂಗ್ಲಿಷ್ ಅನುವಾದವನ್ನು ಓದುತ್ತಿದ್ದಳು. ಕಾನ್ವೆಂಟಿನ ಉಚ್ಚಾರ, ಗಂಟೆ ಬಾರಿಸಿದಂತೆ.

“ಜಯವ್ವ ಸೆಡ್, ಬೀಟ್, ಬೀಟ್.”

“ಬೀಟ್ ಅಂದ್ರ? ಬೀಟ್‌ರೂಟೇನವಾ?”

“ಹೊಡಿ, ಬಡಿ ಅಂತ ಅಮ್ಮಾ.”

“ಬಡಿ ಅಂತ ನಾ ಎಲ್ಲಿ ಅಂದೆ? ಗಾಡಿ ಹೊಡಿ ಅಂದೇನಿ. ರಹಿಮಾನಸಾಬಗ.”

ವಿರೂಪಾಕ್ಷಪ್ಪ ಕನ್ನಡಕ ತೆಗೆದರು. “ಜಯವ್ವಾ, ಸಾವಕಾಶ. ನೀ ಅಲ್ಲಿ ಇರಲೇ ಇಲ್ಲ ಅಂತ ಮೊದಲಿನ ವಕೀಲರು ಕೆಳಗಿನ ಕೋರ್ಟಿನ್ಯಾಗ ಹೇಳ್ಯಾರ. ಈಗ ಇದ್ದೆ ಅಂದ್ರ, ಹೊಡಿ ಅಂದದ್ದೂ ಖರೇ ಅಂದ್ರ, ಇದ್ದೊಂದು ಬಾಗಲಾ ನಾವ ಹಾಕಿಕೊಂಡಂಗ. ಅವರು ನಂಬಲಿಲ್ಲಂದ್ರ ಜೀವ ಇರೋ ತನಕ ಜೈಲು. ಸುಮ್ನಿರು. ಮೇಲ್ಮನವಿ ಇದು, ನಾಜೂಕಾಗಿ ಹೋಗಬೇಕು.”

“ಮನವಿ ಅಂದ್ರ ಬೇಡಿಕೊಳ್ಳೋದಲ್ರೀ? ನಾ ಬೇಡಾಕ ಬಂದಿಲ್ಲ, ಕೇಳಾಕ ಬಂದೇನಿ. ಒಮ್ಮೆ ವಕೀಲರ ಮಾತು ಕೇಳಿ ಬಾಯಿ ಮುಚ್ಚಿದ್ದಕ್ಕ ಕೊಲಿಗಾರ್ತಿ ಆದೆ. ನಾ ಇದ್ದೆ. ಹೊಡಿ ಅಂದೆ. ಸಾಯಿ ಅನ್ನಲಿಲ್ಲ, ಸಾಯಿಸು ಅನ್ನಲಿಲ್ಲ. ಹಿಂಗ ಬರೀತೀರೇನು, ಬ್ಯಾರೆ ವಕೀಲರನ್ನ ನೋಡ್ಲ್ಯಾ?”

“ನನ್ನ ಮ್ಯಾಲ ಗಾಡಿ ಹೊಡದಂಗ ಹೊಡೀತಿಯಲ್ಲಬೇ” ಎಂದು ಗೊಣಗುತ್ತ ವಿರೂಪಾಕ್ಷಪ್ಪ ಡಾಕಪ್ಪನ ಸಾಕ್ಷಿಯನ್ನು ಮತ್ತೊಮ್ಮೆ ಓದಿದರು. ಓದಿ, ಅಂಜಲಿಗೆ ಚಹಾ ತರಿಸಲು ಹೇಳಿದರು. ಅವರಿಗೆ ಆಶೆ ಹುಟ್ಟಿದಾಗ ಮಾತ್ರ ಚಹಾ ಬರುತ್ತಿತ್ತು.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಾದದ ದಿನ ಸರಕಾರಿ ವಕೀಲರು ಬೀಟ್ ಅಂದರೆ ಬೀಟೇ ಎಂದು ಪಟ್ಟು ಹಿಡಿದರು. ವಿರೂಪಾಕ್ಷಪ್ಪ ಅನುವಾದ ಬದಿಗಿಟ್ಟು ಮೂಲ ಕನ್ನಡವನ್ನೇ ಓದಿದರು. “ಇದು ನಮ್ಮ ಸಾಕ್ಷಿಯಲ್ಲ ಸ್ವಾಮಿ, ಸತ್ತ ಹುಡುಗನ ತಂದೆಯದು. ‘ಆಕಿ ಹೊಡಿ ಅಂದಳು, ಗಾಡಿ ಮುಂದ ಹೋತು, ಪುಂಡಲೀಕ ಹೊಡೆದ.’ ಆಕೆ ಅಲ್ಲಿದ್ದಳು, ಅಂದಳು, ಒಪ್ಪುತ್ತೇನೆ. ಆದರೆ ಆ ಮಾತಿಗೆ ಮೊದಲು ಓಗೊಟ್ಟದ್ದು ಟ್ರ್ಯಾಕ್ಟರ್.”

ಹಿಂದಿನ ಬೆಂಚಿನಲ್ಲಿ ಜಯವ್ವ ಸೆರಗು ಬಿಗಿದು ಕೂತಿದ್ದಳು. ತಲೆ ತಗ್ಗಿಸಲಿಲ್ಲ.

ತೀರ್ಪಿನಲ್ಲಿ, ಅಕ್ಕನ ಜೊತೆಗೇ ಪುಂಡಲೀಕನಿಗೂ ಆಗಿದ್ದ ಜೀವಾವಧಿ ಶಿಕ್ಷೆ ಕಾಯಂ ಆಯಿತು. ಜಯವ್ವನಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ.

“ಯಾರ ಸಂಶಯರೀ ಇದು?” ಮೆಟ್ಟಿಲಿಳಿಯುತ್ತ ಕೇಳಿದಳು.

“ಕೋರ್ಟಿಂದು” ಎಂದರು ವಿರೂಪಾಕ್ಷಪ್ಪ.

“ನನಗೇನೂ ಸಂಶಯ ಇಲ್ಲಲ್ಲ. ಒಕ್ಕಲುತನದಾಗ ಕಾಣದ ಲಾಭ ಸಂಶಯದಾಗ ಬಂತೇನು? ನಾ ಗಾಡಿಗೇ ಅಂದೇನಿ ಅಂತ ಬರಿಸ್ರಿ.”

“ಯವ್ವಾ, ಬಿಡುಗಡಿ ಆಗೈತಿ, ಸುಮ್ನ ಮನಿಗೆ ನಡಿ!”

“ನಡೀತೇನಿ. ಆದ್ರ ನನ್ನ ಮನಿಗೆ.”

ಹಾವೇರಿಯ ಬಸ್ ನಿಲ್ದಾಣದಲ್ಲಿ ಕರ್ಜಗಿ ಬಸ್ಸು ತುಂಬಿತ್ತು. ಖಾಲಿ ಇದ್ದದ್ದು ಒಂದೇ ಸೀಟು, ಡಾಕಪ್ಪನ ಪಕ್ಕ. ಅವನೂ ಧಾರವಾಡದಿಂದಲೇ ಬಂದಿದ್ದ.

“ಅತ್ತಾಗ ಸರೀರಿ, ಭಾವಾ.”

“ನನ್ನ ಬಾಜೂಕ ಕುಂದ್ರಾಕ ನಾಚಿಕಿ ಬರಂಗಿಲ್ಲೇನು ನಿನಗ?”

“ಸೀಟು ಸರಕಾರದ್ದು. ಹೆಣ್ಮಕ್ಕಳನ್ನ ಪುಕ್ಕಟೆ ಕುಂದರಸ್ತೈತಿ.” ಕೂತಳು. “ಕೋರ್ಟಿಗೆ ಸಂಶಯ ಐತಂತ. ನೀವು ಎದುರಿಗೇ ಇದ್ರಿ. ಹೊಡಿ ಅಂದಾಗ ನಾ ಯಾವ ಕಡೆ ಮಾರಿ ಮಾಡಿದ್ದೆ?”

ಡಾಕಪ್ಪ ಕಿಟಕಿಯ ಆಚೆ ನೋಡಿದ.

“ಇಂಜಿನ್ ಕಡೆ.”

“ಮತ್ತ ಕೋರ್ಟಿನ್ಯಾಗ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.” ಅವಳ ಕಡೆ ತಿರುಗಿದ. “ಹೇಳಿದ್ರ ನನ್ನ ಮಗ ಎದ್ದು ಬರತಿದ್ನೇನು?”

“ಇಲ್ಲ. ಅವಗ ನಾನೂ ತುತ್ತು ಉಣಿಸಿದಾಕಿ. ಹೊಡೆದಾಂವ ನನ್ನ ತಮ್ಮನೇ ಆದ್ರೂ ಒಳಗ ಇರಲಿ, ಬಿಡ್ರಿ ಅಂತ ನಾ ಯಾರನ್ನೂ ಕೇಳಂಗಿಲ್ಲ. ಆದ್ರ ಭಾವಾ, ನಾಳೆ ನಾ ಹೊಲಕ್ಕ ಹೋಗಾಕಿ. ಹೊಲ ನಿಮ್ಮದಂತ ಕೋರ್ಟು ಹೇಳಿದ ದಿನ ಬಿಟ್ಟು ಹೋಗತೇನಿ. ಅಲ್ಲೀತನ ಬಿತ್ತತೇನಿ. ತಡೀಬೇಕಂದ್ರ ಬರ್ರಿ, ನಿಂತಿರತೇನಿ.”

ಡಾಕಪ್ಪ ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಕೂತ. ಎದ್ದು ಹೋಗಲಿಲ್ಲ.

ಕಂಡಕ್ಟರ್ ಬಂದ. “ಎಲ್ಲಿಗೆ ಯವ್ವಾ?”

“ಕರ್ಜಗಿ” ಎಂದಳು ಜಯವ್ವ, ಮುಂದಿನ ಸೀಟಿನವರಿಗೂ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ.