ಭಾವನಿಗೆ ದೋಣಿ ಕಲಿಸಿದ್ದು

ದೋಣಿ ಶಾಲೆಯ ಟೀಚರನ್ನು ನದಿಯ ಎರಡೂ ದಡದವರು ‘ಸಾವಕಾಶ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಮುಖದೆದುರೇ. ವೇಗದ ಲಿವರಿನ ಮೇಲೆ ಯಾರ ಕೈ ಬಿದ್ದರೂ ಅವಳ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದು. ಹಾಗೆಂದು ಅವಳು ನಿಧಾನದ ಹೆಂಗಸಲ್ಲ. ನಡೆದರೆ ದೋಣಿ ಕಟ್ಟುವ ಜೆಟ್ಟಿಯ ಹಲಗೆ ಅದುರುತ್ತಿತ್ತು. ಉಣ್ಣಲು ಕೂತರೆ ಐದೇ ನಿಮಿಷ. ಬೈದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತಿ, ಇವತ್ತು ಯಾರ ಸರದಿ ಎಂದು ನೋಡುತ್ತಿದ್ದರು. ಅವಳ ಸಾವಕಾಶವೆಲ್ಲ ಜೆಟ್ಟಿಯಿಂದ ಐವತ್ತು ಮೀಟರಿನೊಳಗೆ ಮಾತ್ರ.

ಶಾಲೆ ಅಂದರೆ ಒಂದು ತಗಡಿನ ಶೆಡ್ಡು, ಒಂದು ಕಪ್ಪು ಹಲಗೆ, ಗೋಡೆಯ ಮೊಳೆಗಳಲ್ಲಿ ತೂಗುವ ಹನ್ನೆರಡು ಲೈಫ್ ಜಾಕೆಟ್, ಮತ್ತು ನಲವತ್ತು ಕುದುರೆ ಶಕ್ತಿಯ ಎಂಜಿನ್ ಹೊತ್ತ ಒಂದು ಹಳೆಯ ಫೈಬರ್ ದೋಣಿ. ಕಲಿಯಲು ಬಂದವರು ಆ ದೋಣಿಗೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು. ಮೆತ್ತಗೆ ಹೇಳಿದರೆ ಕೇಳುತ್ತದೆ, ಜೋರು ಮಾಡಿದರೆ ಹಿಂದಿನಿಂದ ಬಾರಿಸುತ್ತದೆ. ಹೆಸರಿಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ಅದು ಭೌತಶಾಸ್ತ್ರದ ಪ್ರಕಾರವೂ ಸರಿ. ದೋಣಿಯನ್ನು ದೂಡುವ ಎಂಜಿನ್ ಹಿಂದೆ ಇರುವುದರಿಂದ, ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಮೂತಿ ಬಲಕ್ಕೆ ಹೋಗುವುದಕ್ಕಿಂತ ಮೊದಲು ಬಾಲ ಎಡಕ್ಕೆ ಎಸೆದುಕೊಳ್ಳುತ್ತದೆ. ಜೆಟ್ಟಿಯ ಪಕ್ಕದಿಂದ ಹೊರಡುವಾಗ ಗಡಿಬಿಡಿಯಲ್ಲಿ ಆಚೆಗೆ ತಿರುಗಿಸಿದವರೆಲ್ಲ ಬಾಲದಿಂದ ಕಂಬಕ್ಕೆ ಏಟು ಕೊಟ್ಟವರೇ. ಆ ಏಟುಗಳಿಗೂ ಹೆಸರಿದ್ದವು. ಇದು ಡಾಕ್ಟರದು, ಇದು ಹೆಡ್‌ಮಾಸ್ಟರದು, ಆ ಆಳವಾದದ್ದು ಪೊಲೀಸ್ ಇನ್‌ಸ್ಪೆಕ್ಟರದು. ಕಂಬವೇ ಅಡ್ಡ ಬಂತು ಎಂಬುದು ಇನ್‌ಸ್ಪೆಕ್ಟರ ಹೇಳಿಕೆ. ಎರಡನೇ ಕಂಬದ್ದು ಟೀಚರದೇ, ಹತ್ತೊಂಬತ್ತನೇ ವಯಸ್ಸಿನದು. ಅಪ್ಪ ನೀರೆತ್ತುವ ಪಂಪುಗಳ ಮೆಕ್ಯಾನಿಕ್ ಆಗಿದ್ದರಿಂದ ಅವಳಿಗೆ ಎಂಜಿನ್ ಗೊತ್ತಿತ್ತು, ನೀರು ಗೊತ್ತಿರಲಿಲ್ಲ.

ಹದಿನೆಂಟು ವರ್ಷದಲ್ಲಿ ಅವಳು ನಾನೂರಕ್ಕೂ ಹೆಚ್ಚು ಜನರಿಗೆ ಕಲಿಸಿದ್ದಳು. ಮೀನಿನವರು, ಮರಳಿನವರು, ಹೊಸದಾಗಿ ದೋಣಿ ಕೊಂಡು ಕಪ್ಪು ಕನ್ನಡಕವನ್ನೂ ಜೊತೆಗೇ ಕೊಂಡವರು. ಯಾರ ಜಾಕೆಟ್ಟಿನ ಪಟ್ಟಿಯನ್ನೂ ಅವಳು ಎರಡನೇ ಸಲ ಎಳೆದು ನೋಡಿರಲಿಲ್ಲ. ಅಕ್ಕನ ಗಂಡ ಲೈಫ್ ಜಾಕೆಟ್ ಹಾಕಿಕೊಂಡು ಎದುರಿಗೆ ನಿಂತ ದಿನ ಮಾತ್ರ ಮೂರು ಸಲ ಎಳೆದು ನೋಡಿದಳು.

ಭಾವ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಹಳೆಯ ಸೇತುವೆ ಬಿರುಕು ಬಿಟ್ಟು ಮುಚ್ಚಿದ ಮೇಲೆ ಅವನ ರೂಟೇ ಇಲ್ಲವಾಯಿತು. ಆಸ್ಪತ್ರೆಗೆ, ಶಾಲೆಗೆ ಹೋಗುವ ಜನರಿಗಾಗಿ ಸಾರಿಗೆ ಕಚೇರಿ ಹನ್ನೆರಡು ಸೀಟಿನ ಮೋಟಾರ್ ದೋಣಿ ಬಿಡುವುದೆಂದು ತೀರ್ಮಾನಿಸಿತು. ಈ ಡ್ರೈವರೇ ಅದನ್ನು ಓಡಿಸಬಹುದು, ಆದರೆ ಮುಂದಿನ ವಾರದ ಶುಕ್ರವಾರದೊಳಗೆ ದೋಣಿ ಶಾಲೆಯ ಸಹಿ ಬೇಕು. ಸಹಿ ಇಲ್ಲದಿದ್ದರೆ ಬಸ್ಸಿನಲ್ಲಿ ಆರು ಗಂಟೆ ದೂರದ ಡಿಪೋದಲ್ಲಿ ಗೇಟು ಕಾಯುವ ಕೆಲಸ. ಸಹಿ ಹಾಕುವವಳು ನಾದಿನಿ. ‘ಮನೆಯ ವಿಷಯ’ ಎಂದು ಅಕ್ಕ ಅವತ್ತೇ ಅರ್ಧ ನಿಶ್ಚಿಂತಳಾಗಿಬಿಟ್ಟಳು.

ಮೊದಲ ದಿನ ಭಾವ ದೋಣಿಯ ನೆಲವನ್ನು ಬಲಗಾಲಿನಿಂದ ಒತ್ತಿದ. ಎರಡನೇ ದಿನವೂ ಒತ್ತಿದ. ಅಲ್ಲಿ ಬ್ರೇಕಿಲ್ಲ ಎಂದು ಅವನ ತಲೆಗೆ ಗೊತ್ತಿದ್ದರೂ ಕಾಲಿಗೆ ಯಾರೂ ಹೇಳಿರಲಿಲ್ಲ. ಮೂರನೇ ದಿನ ಅವಳು ಅವನ ಚಪ್ಪಲಿ ಬಿಚ್ಚಿಸಿದಳು. ಬರಿಗಾಲಿಗೆ ಕೆಳಗೆ ಏನೂ ಇಲ್ಲವೆಂದು ತಿಳಿಯಲಿ ಎಂದು. ಕಾಲು ಅಡಗಿತು, ಕೈ ಶುರುವಾಯಿತು. ಗಾಬರಿಯಾದ ಕೂಡಲೇ ಅವನು ಲಿವರನ್ನು ನ್ಯೂಟ್ರಲ್ಲಿಗೆ ಎಳೆದು ಸ್ಟೀರಿಂಗನ್ನು ಗರಗರ ತಿರುಗಿಸುತ್ತಿದ್ದ. ಬಸ್ಸಾದರೆ ತಿರುಗುತ್ತದೆ, ಚಕ್ರ ನೆಲ ಹಿಡಿದಿರುತ್ತದೆ. ದೋಣಿಯಲ್ಲಿ ಹಿಂದಿನ ಪಂಖ ನೀರು ದೂಡುತ್ತಿದ್ದರೆ ಮಾತ್ರ ಸ್ಟೀರಿಂಗಿಗೆ ಬೆಲೆ. ಅದು ನಿಂತರೆ ಸ್ಟೀರಿಂಗ್ ಬರೀ ಆಟದ ಸಾಮಾನು. ಹೀಗಾಗಿ ಅತ್ತೆ ಭಾವನ ಅಷ್ಟೂ ಪರಿಶ್ರಮವನ್ನು ಕಡೆಗಣಿಸಿ, ಇದ್ದ ನೇರಕ್ಕೇ ತೇಲಿಕೊಂಡು ಹೋಗಿ ಕಂಬಕ್ಕೆ ಮುತ್ತಿಡುತ್ತಿತ್ತು.

ಟೀಚರ್ ಒಂದು ಉಪಾಯ ಮಾಡಿದಳು. ಸ್ಟೀರಿಂಗನ್ನು ಹಗ್ಗದಿಂದ ನೇರಕ್ಕೆ ಕಟ್ಟಿಹಾಕಿ, ಇಡೀ ಬೆಳಗ್ಗೆ ಲಿವರೊಂದರಿಂದಲೇ ದೋಣಿಯನ್ನು ಮುಂದೆ, ಹಿಂದೆ ಮಾಡಿಸಿದಳು. ಮುಂದಿನಿಂದ ಹಿಂದಕ್ಕೆ ಹಾಕುವಾಗ ನಡುವೆ ನ್ಯೂಟ್ರಲ್ಲಿನಲ್ಲಿ ಒಂದು ಉಸಿರು ನಿಲ್ಲಬೇಕು, ಇಲ್ಲವಾದರೆ ಗೇರು ಕಡಿದುಕೊಳ್ಳುತ್ತದೆ. ಮಧ್ಯಾಹ್ನ ಹಗ್ಗ ಬಿಚ್ಚಿ ಹೊಸ ಪಾಠ: ಮೊದಲು ತಿರುಗಿಸು, ಆಮೇಲೆ ಒಂದು ಚಿಟಿಕೆ ವೇಗ ಕೊಡು, ತಕ್ಷಣ ತೆಗಿ. ಚಿಟಿಕೆ ಅಂದರೆ ಚಿಟಿಕೆ, ಹಿಡಿಯಲ್ಲ. ವೇಗವಾಗಿ ಹೋಗುತ್ತಿರುವಾಗ ಇದರ ತಿರುವುಮುರುವು. ಮೊದಲು ವೇಗ ಇಳಿಸು, ಆಮೇಲೆ ತಿರುಗಿಸು. ಇಳಿಸುವುದನ್ನೂ ಒಮ್ಮೆಗೇ ಮಾಡಿದರೆ ಹಿಂದೆ ಎದ್ದ ಅಲೆ ಓಡಿಬಂದು ಬಾಲದ ಮೇಲೆ ಹತ್ತುತ್ತದೆ. ಇದನ್ನು ಭಾವ ಪುಸ್ತಕದಿಂದಲ್ಲ, ಒದ್ದೆಯಾದ ಅಂಗಿಯಿಂದ ಕಲಿತ.

ಒಂಬತ್ತನೇ ದಿನ ಅವನು ಐದು ಸಲ ಸತತವಾಗಿ, ನೀರಿನ ಹರಿವಿಗೆ ಎದುರಾಗಿ ಬಂದು, ಮೂತಿ ಓರೆ ಹಿಡಿದು, ಕೊನೆಯ ಎರಡು ಮೀಟರು ತೇಲಿಸಿ ಜೆಟ್ಟಿಗೆ ಒರಗಿಸಿದ. ಜೆಟ್ಟಿಗೆ ನಿದ್ದೆ ಕೆಡಲಿಲ್ಲ. ಅಕ್ಕನಿಗೆ ಅಂದೇ ಸುದ್ದಿ ಮುಟ್ಟಿತು. ಸಹಿ ಆದಂತೆಯೇ ಎಂದು ಅವಳು ಪಕ್ಕದ ಮನೆಯವರಿಗೂ ಹೇಳಿದಳು.

ಹತ್ತನೇ ದಿನ, ಬುಧವಾರ, ಗಾಳಿ ಎದ್ದಿತು.

ದಡದ ಕಡೆಯಿಂದ ಬೀಸುತ್ತಿದ್ದ ಗಾಳಿ ದೋಣಿಯ ಹಗುರ ಮೂತಿಯನ್ನು ಜೆಟ್ಟಿಯಿಂದ ಆಚೆಗೆ ತಳ್ಳುತ್ತಿತ್ತು. ಜೆಟ್ಟಿಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ಇಬ್ಬರು ಹೆಂಗಸರು ನಿಂತಿದ್ದರು. ಮೂತಿ ತಪ್ಪಿತು. ಭಾವ ಅದನ್ನು ಎಳೆದು ತಂದ. ಮತ್ತೆ ತಪ್ಪಿತು. ಮೂರನೇ ಸಲ ಅವನು ಹಲ್ಲು ಕಚ್ಚಿ ಮೂತಿಯನ್ನು ನೇರ ಜೆಟ್ಟಿಗೇ ಹಿಡಿದು ವೇಗ ಕೊಟ್ಟ. ಚಿಟಿಕೆಯಲ್ಲ, ಹಿಡಿ. ಬುಟ್ಟಿಗಳು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಹಾರಿದರು. ಟೀಚರ್ ಅವನ ಕೈಮೇಲೆ ಕೈಯಿಟ್ಟು ನ್ಯೂಟ್ರಲ್ಲಿಗೆ ಎಳೆದು, ಉಸಿರು ಬಿಟ್ಟು, ಹಿಂದಕ್ಕೆ ಹಾಕಿದಳು. ಹಲಗೆಗೆ ಒಂದು ಗೇಣು ಉಳಿದಿತ್ತು.

“ಬಿಟ್ಟು ಆಚೆ ಹೋಗಿ ಮತ್ತೆ ಬರ್ಬೇಕಿತ್ತು, ಭಾವ,” ಅಂದಳು.

“ಜನ ನಿಂತಿದ್ರಲ್ಲ.”

“ಅದಕ್ಕೇ ಹೋಗ್ಬೇಕಿತ್ತು.”

“ಇಪ್ಪತ್ತಾರು ವರ್ಷದಲ್ಲಿ ಜನ ನಿಂತಿರೋ ಸ್ಟಾಪು ಬಿಟ್ಟು ಹೋದವನಲ್ಲ ನಾನು,” ಅಂದ ಭಾವ. ಅವನಿಗೆ ಸಿಟ್ಟು ಬಂದಿರಲಿಲ್ಲ. ಜಾತಕ ಓದಿದ ಹಾಗೆ ಹೇಳಿದ.

ಟೀಚರಿಗೆ ಆಗ ಅರ್ಥವಾಯಿತು. ಇವನ ಕಾಲಿನ ಬ್ರೇಕು ಬಿಡಿಸಿದ್ದಾಯಿತು, ಕೈಯ ಗಡಿಬಿಡಿ ಬಿಡಿಸಿದ್ದಾಯಿತು. ಈಗ ಉಳಿದಿರುವುದು ಅವನ ಒಳ್ಳೆಯತನ. ಸ್ಟಾಪು ಬಿಡದ ಡ್ರೈವರೆಂದು ಆ ರೂಟಿನ ಜನ ಅವನನ್ನು ಕೊಂಡಾಡುತ್ತಿದ್ದರು. ಆ ಗುಣವನ್ನು ನೀರಿಗೆ ತಂದರೆ ಒಂದು ಗಾಳಿಯ ದಿನ ಹನ್ನೆರಡು ಜನರನ್ನು ಕಂಬಕ್ಕೆ ತಂದು ಹೊಡೆಯುತ್ತಾನೆ. ಬಿಟ್ಟು ಹೋಗುವುದನ್ನು ಕಣ್ಣಾರೆ ನೋಡದೆ ಸಹಿ ಇಲ್ಲ ಎಂದು ಅವಳು ಅಲ್ಲೇ ಹೇಳಿದಳು. ಭಾವ ಚಪ್ಪಲಿ ಹಾಕಿಕೊಂಡು ಹೋದ.

ಸಂಜೆ ಅಕ್ಕ ಬಂದಳು. ತಂಗಿಯ ಅಡುಗೆಮನೆಯಲ್ಲಿ ಕೂತು, ಯಾರೂ ಕೇಳದಿದ್ದರೂ ಸೊಪ್ಪು ಬಿಡಿಸತೊಡಗಿದಳು. ಬೈಯುವ ಮೊದಲು ಅವಳ ಕೈಗೆ ಕೆಲಸ ಬೇಕು. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಹೊತ್ತವರು ಯಾರು, ಈ ಶೆಡ್ಡಿನ ತಗಡನ್ನು ರಜೆ ಹಾಕಿ ಹೊದಿಸಿದವರು ಯಾರು, ಎಲ್ಲ ಬಂತು. ಎಲ್ಲವೂ ನಿಜವಾಗಿದ್ದುದೇ ಕಷ್ಟ.

“ಒಂದು ಸಹಿ ಕಣೇ. ಊರ ಡಾಕ್ಟರಿಗೆಲ್ಲ ಹಾಕ್ತೀಯ.”

“ಡಾಕ್ಟರು ಗುದ್ದಿದ್ರೆ ಅವರೊಬ್ರೇ ನೀರಿಗೆ ಬೀಳ್ತಾರೆ, ಅಕ್ಕ.”

“ನಿನ್ನ ಭಾವ ಗೇಟು ಕಾಯ್ತಾ ಕೂತ್ರೆ ಸತ್ತೇಹೋಗ್ತಾರೆ. ಅದೂ ಲೆಕ್ಕಕ್ಕೆ ತಗೋ.”

ತಂಗಿ ತಗೊಂಡಳು. ಗುರುವಾರ ಗಾಳಿ ಇರಲಿಲ್ಲ. ನೀರು ಎಣ್ಣೆಯ ಹಾಗೆ ಮಲಗಿತ್ತು. ಭಾವ ಎಂಟು ಸಲ ಬಂದ, ಎಂಟು ಸಲವೂ ಚೆನ್ನಾಗಿಯೇ ನಿಲ್ಲಿಸಿದ. ಒಮ್ಮೆ ಅವಳು ಸುಮ್ಮನೆ, ಈಗ ಬಿಟ್ಟು ಹೋಗಿ ನೋಡೋಣ ಅಂದಳು. ಹೋದ. ಆದರೆ ಹೇಳಿಸಿಕೊಂಡು ಹೋಗುವುದು ಬೇರೆ ಎಂದು ಇಬ್ಬರಿಗೂ ತಿಳಿದಿತ್ತು.

ಶುಕ್ರವಾರ ಗಾಳಿ ಮತ್ತೆ ಬಂತು. ಅದರ ಜೊತೆ ಸಾರಿಗೆ ಕಚೇರಿಯ ಮೇಲಧಿಕಾರಿಯೂ ಬಂದರು, ಕಂಕುಳಲ್ಲಿ ಫೈಲು, ಗಳಿಗೆಗೊಮ್ಮೆ ಗಡಿಯಾರದ ಮೇಲೆ ಕಣ್ಣು. ಅವರ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ಅಕ್ಕ. ಸ್ಟಾಪಿನಲ್ಲಿ ಯಾರನ್ನೆಲ್ಲ ಬಿಟ್ಟು ಹೋಗಬಹುದು ಎಂದು ಪಟ್ಟಿ ಮಾಡಿದರೆ, ಈ ಇಬ್ಬರ ಹೆಸರು ಅದರಲ್ಲಿ ಬರುವುದಿಲ್ಲ.

ಟೀಚರ್ ದೋಣಿಯಲ್ಲಿ ಭಾವನ ಎಡಕ್ಕೆ ಕೂತಳು. ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ಆರಿಸುವ ಕೆಂಪು ಹುರಿಯನ್ನು ಅವನು ತಾನೇ ಜಾಕೆಟ್ಟಿಗೆ ಸಿಕ್ಕಿಸಿಕೊಂಡ. ಅವಳ ಬಲಗೈ ಲಿವರಿಗೆ ಒಂದು ಗೇಣು ದೂರದಲ್ಲಿತ್ತು. ಮುಟ್ಟಿದರೆ ಸಹಿ ಇಲ್ಲ. ಮುಟ್ಟದೆ ಹೋದರೆ ಅಕ್ಕ ನೀರಿಗೆ ಬೀಳಬಹುದು.

ನದಿಯ ನಡುವಿನಿಂದ ತಿರುಗಿ, ವೇಗ ಇಳಿಸಿ, ಅವನು ಜೆಟ್ಟಿಗೆ ಮೂತಿ ಮಾಡಿದ. ಇಪ್ಪತ್ತು ಮೀಟರಿನಲ್ಲಿ ಎಲ್ಲ ಸರಿಯಿತ್ತು. ಹತ್ತರಲ್ಲಿ ಗಾಳಿ ಮೂತಿಯನ್ನು ತಳ್ಳಿತು. ಅವನು ತಿರುಗಿಸಿ ಒಂದು ಚಿಟಿಕೆ ಕೊಟ್ಟ. ಮೂತಿ ಬಂತು, ಮತ್ತೆ ಹೋಯಿತು. ಅಧಿಕಾರಿ ಒಂದು ಹೆಜ್ಜೆ ಮುಂದೆ ಬಂದು, ಬಸ್ಸಿಗೆ ಕೈ ಮಾಡುವಂತೆ ಫೈಲನ್ನೇ ಬೀಸಿದರು. ಭಾವನ ಕತ್ತಿನ ನರ ಉಬ್ಬಿತು. ಅವನ ಬರಿಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿದ್ದುದನ್ನು ಅವಳು ನೋಡಿದಳು. ಕೈ ಮುಂದೆ ಚಾಚುವುದರಲ್ಲಿದ್ದಳು.

ಅವನು ನ್ಯೂಟ್ರಲ್ಲಿಗೆ ಎಳೆದ. ಉಸಿರು ಬಿಟ್ಟ. ಅಲ್ಲೇ ಆಚೆಗೆ ತಿರುಗಿಸಿದ್ದರೆ ಬಾಲ ಕಂಬಕ್ಕೆ ಬಡಿಯುತ್ತಿತ್ತು, ತಿರುಗಿಸಲಿಲ್ಲ. ನೇರ ಹಿಂದಕ್ಕೆ ಹಾಕಿ ಎರಡು ದೋಣಿಯಷ್ಟು ಸರಿದ. ಹೆಗಲ ಮೇಲಿಂದ ಹಿಂದೆ ನೋಡಿಕೊಂಡು, ಆಮೇಲೆ ತಿರುಗಿಸಿ, ಮುಂದೆ ಹಾಕಿ ಹೊರಟುಬಿಟ್ಟ. ಅಧಿಕಾರಿಯ ಫೈಲು ಗಾಳಿಯಲ್ಲೇ ನಿಂತಿತು.

“ನೋಡು, ಹೇಗೆ ನಿಂತಿದಾರೆ ಪಾಪ,” ಅಂದ ಭಾವ, ಹಿಂತಿರುಗಿ ನೋಡದೆ. ಅವನ ಕಿವಿ ಕೆಂಪಾಗಿತ್ತು.

ಎರಡನೇ ಸಲವೂ ಗಾಳಿ ಬಿಡಲಿಲ್ಲ. ಎರಡನೇ ಸಲವೂ ಅವನು ಹಿಂದೆ ಸರಿದು ಹೊರಟ, ಈ ಸಲ ಹತ್ತು ಮೀಟರು ಮೊದಲೇ. ಮೂರನೇ ಸುತ್ತಿನಲ್ಲಿ ಟೀಚರ್ ಜಾಕೆಟ್ಟಿನೊಳಗಿಂದ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾಗದ ತೆಗೆದು, ತೊಡೆಯ ಮೇಲಿಟ್ಟು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

“ಏನ್ ಬರೀತಿದೀಯ? ಇನ್ನೂ ನಿಲ್ಲಿಸೇ ಇಲ್ಲ ನಾನು.”

“ನೀವು ನೀರು ನೋಡಿ, ಭಾವ.”

ಸಹಿಯ ಬಾಲ ಕಾಗದದ ಅಂಚಿನವರೆಗೂ ಜಾರಿತು. ಮೂರನೇ ಸಲವೂ ಅವನು ಬಿಟ್ಟು ಹೋದ. ನಾಲ್ಕನೇ ಸಲ ಗಾಳಿ ಉಸಿರು ತೆಗೆದುಕೊಳ್ಳಲು ನಿಂತಾಗ, ಒಂದು ಚಿಟಿಕೆ ಕೊಟ್ಟು, ತೆಗೆದು, ತೇಲಿಸಿ ತಂದು ಒರಗಿಸಿದ. ಸ್ವಲ್ಪ ಬಡಿಯಿತು, ಆದರೆ ಕಂಬದ ಮೇಲೆ ಗುರುತು ಬೀಳುವಷ್ಟಲ್ಲ.

ಅಧಿಕಾರಿ ಹಗ್ಗ ಕಟ್ಟುವವರೆಗೂ ಕಾಯಲಿಲ್ಲ. ಮೂರು ಸಲ ಬಂದು ಮೂರು ಸಲ ವಾಪಸ್ ಹೋದರೆ ಪ್ರಯಾಣಿಕರು ಏನೆಂದುಕೊಳ್ಳಬೇಕು, ನಾಲ್ಕನೇ ಸಲವೂ ಆಗದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು.

“ಐದನೇ ಸಲ ಬರ್ತಿದ್ದೆ, ಸಾರ್.”

“ಅದೂ ಆಗದಿದ್ರೆ?”

“ಆಚೆ ದಡದಲ್ಲಿ ಕೂತ್ಕೊಂಡು ನಿಮಗೆ ಫೋನ್ ಮಾಡ್ತಿದ್ದೆ.”

ಅಧಿಕಾರಿ ಟೀಚರಿನ ಮುಖ ನೋಡಿದರು. ಅವಳು ಕಾಗದ ಕೊಟ್ಟಳು. ಓದಿ, ಜಾರಿದ ಸಹಿಯನ್ನು ಓರೆಯಾಗಿ ನೋಡಿ, ಫೈಲಿಗೆ ಸೇರಿಸಿದರು. ಸೋಮವಾರ ಏಳು ಗಂಟೆಗೆ ಮೊದಲ ಟ್ರಿಪ್ಪು ಎಂದು ಹೇಳಿ, ಟೋಪಿ ಹಾರದಂತೆ ಹಿಡಿದುಕೊಂಡು ಹೋದರು.

ಮೂವರೂ ಶೆಡ್ಡಿನ ಬಾಗಿಲಲ್ಲಿ, ಗಾಳಿ ತಾಗದ ಕಡೆ ಕೂತರು. ಬುಧವಾರದಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದ ಅಕ್ಕ ಈಗಲೂ ಆಡಲಿಲ್ಲ. ಡಬ್ಬಿ ಬಿಚ್ಚಿ ಮೊದಲ ಪಾಲನ್ನು ಮಾತ್ರ ತಂಗಿಯ ತಟ್ಟೆಗೇ ಹಾಕಿದಳು. ಭಾವ ಕೈ ಚಾಚಿದ. ಅಕ್ಕ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

“ಇರಿ. ಮೂರು ಸುತ್ತು ಹಾಕ್ಕೊಂಡು ಬನ್ನಿ. ಆಮೇಲೆ ನೋಡೋಣ.”