ಪದಕ್ಕೆ ಮುಂಚೆ ಹೇಳುವ ಹೆಸರು

ಹಳೆಯ ಮೈಕಿಗೆ ಹಾಕುತ್ತಿದ್ದ ಸ್ಪಂಜಿನ ಟೊಪ್ಪಿಯೊಂದು ಮೊನ್ನೆ ನನ್ನ ಚೀಲದ ತಳದಲ್ಲಿ ಸಿಕ್ಕಿತು. ಹಿಂಡಿದರೆ ಇನ್ನೂ ಒಣಮಣ್ಣು ಉದುರುತ್ತದೆ. ಆಲೂರು ತಾಲೂಕಿನ ಮಗ್ಗೆಯ ಕಡೆಯ ಗದ್ದೆಯ ಮಣ್ಣು ಅದು. ಆ ದೊಡ್ಡವ್ವನ ಬೆರಳುಗಳು ಬಿಟ್ಟುಹೋದದ್ದು...

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಾನಾಗ ಒಂದು ಪುಟ್ಟ ಸಮುದಾಯ ರೇಡಿಯೋಗೆ ಜನಪದ ಹಾಡಿನ ಕಾರ್ಯಕ್ರಮ ಮಾಡುತ್ತಿದ್ದೆ. ಆಲೂರು, ಸಕಲೇಶಪುರದ ಊರೂರು ತಿರುಗಿ ಹಾಡು ತುಂಬಿಕೊಳ್ಳುವುದು, ಅರ್ಧ ಗಂಟೆಗೆ ಹೊಂದಿಸುವುದು, ನಮ್ಮಂಥದ್ದೇ ಬೇರೆ ಕೇಂದ್ರಗಳಿಗೆ ಸಿ.ಡಿ. ಮಾಡಿ ಬಾಳ್ಳುಪೇಟೆಯಲ್ಲಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವುದು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಜಂಬ ಮಾತ್ರ ಹತ್ತು ವರ್ಷ ದುಡಿದವಳದ್ದಿತ್ತು.

ದೊಡ್ಡವ್ವ ನನಗೆ ಸಂಬಂಧಿಯಲ್ಲ. ಆ ಕಡೆಯ ಭತ್ತದ ನಾಟಿ ಮಾಡುವ ಹೆಂಗಸರಲ್ಲಿ ಮೊದಲು ದನಿ ಎತ್ತುವವಳು. ಜಗಲಿಯಲ್ಲಿ ಕೂತು ಹಾಡು ಎಂದರೆ ಒಪ್ಪಲಿಲ್ಲ.

"ನಾಟಿ ಪದ ಕೆಸ್ರಲ್ಲಿ ಕಾಲಿಟ್ಕಂಡೇ ಹಾಡ್ಬೇಕು ಕಣವ್ವ. ಒಣ ನೆಲದಲ್ಲಿ ಹಾಡಿದ್ರೆ ಪೈರು ಹಿಡಿಯಕಿಲ್ಲ."

ನಾನೂ ಸೀರೆ ಎತ್ತಿಕಟ್ಟಿ ಗದ್ದೆಗೆ ಇಳಿದೆ. ಎರಡು ಸಲ ಬಿದ್ದೆ. ಮೈಕನ್ನು ಮಾತ್ರ ಬೀಳಿಸಲಿಲ್ಲ. ಹೆಂಗಸರು ನಕ್ಕು ಸುಸ್ತಾದರು. ಹಾಡುವ ಮೊದಲು ದೊಡ್ಡವ್ವ ಒಂದು ಹೆಸರು ಹೇಳಿ, ಇದು ಅವಳ ಪದ, ನಂದಲ್ಲ ಎಂದಳು. ಆಮೇಲೆ ಉಸಿರೆಳೆದುಕೊಂಡು ಶುರು ಮಾಡಿದಳು. ನಾನು ಆ ದನಿಗೆ ಸೋತುಹೋದೆ, ಹೆಸರು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಹಾಡಿಗೆ ಮುಂಚಿನ ಮಾತನ್ನೆಲ್ಲ ಕತ್ತರಿಸುವುದು ನಮ್ಮ ರೂಢಿ. ಕೆಮ್ಮು, ನಗು, "ಶುರು ಮಾಡ್ಲಾ" ಎನ್ನುವುದು, ಎಲ್ಲ. ಅದರ ಜೊತೆಗೆ ಆ ಹೆಸರೂ ಹೋಯಿತು. ಉಸಿರೆಳೆದಲ್ಲಿಂದ ಪದ ಶುರುವಾಗುವಂತೆ ಚೊಕ್ಕವಾಗಿ ಕೂರಿಸಿ, ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ. ಕ್ಯಾಸೆಟ್ಟುಗಳು ಸಾಲುತ್ತಿರಲಿಲ್ಲವಾಗಿ, ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರ ಇನ್ಯಾರದೋ ಕೋಲಾಟದ ಪದ ತುಂಬಿಕೊಂಡೆ.

ಪ್ರಸಾರವಾದ ಮೇಲೆ ಹೊಗಳಿಸಿಕೊಳ್ಳಲೆಂದೇ ಹೋದೆ. ದೊಡ್ಡವ್ವ ಕಾಫಿ ಕೊಟ್ಟಳು.

"ಎಲ್ಲಾ ಚೆಂದಾಗೈತೆ. ಅವಳನ್ನ ಬುಟ್ಬುಟ್ಟಿದೀಯಲ್ಲವ್ವ."

ಯಾರನ್ನು ಎಂದು ಕೇಳಿದೆ. ಪದ ಕಲಿಸಿದವಳು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದವಳಂತೆ. ಹಿಂದಿಲ್ಲ, ಮುಂದಿಲ್ಲ, ಸತ್ತಾಗ ಮಣ್ಣು ಹಾಕಿದವರೂ ಜೊತೆಯ ಆಳುಗಳೇ.

"ಅವಳ ಹೆಸ್ರು ಎತ್ತೋಳು ನಾನೊಬ್ಳೇ ಕಣವ್ವ, ಅದೂ ನಾಟಿ ದಿನ. ರೇಡಿಯೋದಲ್ಲಿ ನಾಕೂರು ಕೇಳ್ತದಲ್ಲ ಅಂತ್ಲೇ ನಾನು ಹಾಡಕ್ಕೆ ಒಪ್ಕಂಡಿದ್ದು."

ಹೆಸರನ್ನು ಕೇಳಿ ಬರೆದುಕೊಂಡೆ. ಮುಂದಿನ ಸಲ ನಾನೇ ಹೇಳುತ್ತೇನೆ ಎಂದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು.

"ನೀನು ಹೇಳಿದ್ರೆ ಆಗಕಿಲ್ಲ. ಕಲ್ತೋಳೇ ಹೇಳ್ಬೇಕು. ಬರೋ ನಾಟಿಗೆ ಬಾ, ಇನ್ನೊಂದ್ಸಲ ಹಾಡ್ತೀನಿ."

ಬೈಯಲಿಲ್ಲ. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಮರುವರ್ಷದ ನಾಟಿಗೆ ಹೋದಾಗ ಅವಳನ್ನು ಬದುವಿನ ಮೇಲೆ ಗೋಣಿಚೀಲ ಹಾಸಿ ಕೂರಿಸಿದ್ದರು. ಬೇಸಿಗೆಯಲ್ಲಿ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತಂತೆ. ನನಗೆ ಯಾರೂ ತಿಳಿಸಿರಲಿಲ್ಲ. ನಾನಾದರೂ ನಡುವೆ ವಿಚಾರಿಸಿದ್ದೆನೇ... ನನ್ನನ್ನು ಕಂಡವಳೇ ದೊಡ್ಡವ್ವ ಗದ್ದೆಯ ಕಡೆ ಕೈ ತೋರಿಸಿದಳು. ಹೆಂಗಸರು ಅವಳ ಪಾದಗಳನ್ನು ಮೆಲ್ಲಗೆ ಕೆಸರಿಗೆ ಇಳಿಸಿದರು. ಸ್ವಾಧೀನವಿದ್ದ ಒಂದು ಕೈಯನ್ನು ಕೆಸರಿಗೆ ಊರಿ ಸರಿಯಾಗಿ ಕೂತಳು. ಅದೇ ಕೈಯಲ್ಲಿ ಮೈಕು ಹಿಡಿದು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ತುಟಿ ಅಲ್ಲಾಡಿತು. ಏನೋ ಒಂದು ದನಿ ಬಂತು, ಹೆಸರಾಗಲಿಲ್ಲ. ಮತ್ತೆ ಹೇಳಿದಳು. ಮತ್ತೆ... ಸುತ್ತಲಿನ ಹೆಂಗಸರು ಸಸಿ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ನಾನೇ ಅವಳ ಬೆರಳುಗಳನ್ನು ಬಿಡಿಸಿ ಮೈಕನ್ನು ಇಳಿಸಿದೆ.

ಮುಂದಿನ ನಾಟಿಗೆ ದೊಡ್ಡವ್ವ ಇರಲಿಲ್ಲ. ಸಿ.ಡಿ. ಕಳಿಸಿದ್ದ ಕೇಂದ್ರಗಳಿಗೆಲ್ಲ ಹೆಸರು ಸೇರಿಸಿ ಹೇಳಿ ಎಂದು ಪತ್ರ ಬರೆದೆ. ಒಂದೆರಡು ಕಡೆಯಿಂದ ಉತ್ತರ ಬಂತು. ಉಳಿದ ಕಡೆ ಆ ಪದ ಹೆಸರಿಲ್ಲದೆಯೇ ಇಂದಿಗೂ ಕೇಳಿಬರುತ್ತಿರಬಹುದು.

ನನ್ನ ಹತ್ತಿರವೂ ಒಂದು ಸಿ.ಡಿ. ಉಳಿದಿದೆ. ನಿನ್ನೆ ಅದನ್ನು ಹಾಕುವ ಮುಂಚೆ, ಯಾರೂ ಇಲ್ಲದ ಕೋಣೆಯಲ್ಲಿ, ಪದ ಕಲಿಸಿದವಳ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಹೇಳಬೇಕಾದವಳು ನಾನಲ್ಲ, ಗೊತ್ತು. ಆಮೇಲೆ ಗುಂಡಿ ಒತ್ತಿದೆ. ದೊಡ್ಡವ್ವ ಉಸಿರೆಳೆದುಕೊಂಡಳು.