ಗೆರೆಯಾಚೆಯ ಮಣ್ಣು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಜಮಖಂಡಿಯಿಂದ ಸಾವಳಗಿಗೆ ಹೋಗುವ ರಸ್ತೆಯ ಬದಿಯ ಹೊಲವೊಂದರಲ್ಲಿ ಅಮಸಿದ್ದಪ್ಪ ಒಂದು ಕಾಲು ಮಡಚಿ, ನೋವಿನ ಇನ್ನೊಂದು ಕಾಲನ್ನು ಉದ್ದಕ್ಕೆ ಚಾಚಿ ಕುಳಿತು ಮಣ್ಣು ಸಾಣಿಸುತ್ತಿದ್ದಾರೆ. ಸಾಣಿಗೆಯಿಂದ ಉದುರಿದ ಮೆಕ್ಕಲು ಮಣ್ಣನ್ನು ಅಂಗೈಯಿಂದ ಸವರಿ, ಒಬ್ಬರು ಮಲಗುವಷ್ಟು ಜಾಗದಲ್ಲಿ ಹಾಸುತ್ತಾರೆ. ಕಲ್ಲಿನ ಚೂರು ಸಿಕ್ಕರೆ ಬೆರಳಿನಲ್ಲಿ ಆರಿಸಿ ಬೇಲಿಯಾಚೆ ಎಸೆಯುತ್ತಾರೆ. ಆಮೇಲೆ ಜೇಬಿನಿಂದ ರಂಗೋಲಿ ಪುಡಿಯ ಪೊಟ್ಟಣ ತೆಗೆದು ಹಾಸಿನ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ ಎಳೆದು, ಗೆರೆಯ ಮೇಲೆ ಒಂದು ಬಿಳಿ ಚೆಂಡು ಇಡುತ್ತಾರೆ.

"ಬಾ ತಂಗಿ. ಸಾತ್ ನಂಬರ್ ತಗೋ."

ಇಪ್ಪತ್ತೊಂದರ ಮೃಣ್ಮಯಿ ಚೀಲದಿಂದ ಏಳನೇ ನಂಬರಿನ ಕಬ್ಬಿಣದ ಕೋಲು ಎಳೆದುಕೊಂಡು ಬಂದು ನಿಲ್ಲುತ್ತಾಳೆ. ಉಸಿರು ಬಿಟ್ಟು ಬೀಸುತ್ತಾಳೆ. ದಬ್ ಎಂಬ ಸದ್ದು. ಚೆಂಡಿಗಿಂತ ಹೆಚ್ಚು ಮಣ್ಣೇ ಹಾರುತ್ತದೆ. ಚೆಂಡು ನಲವತ್ತು ಹೆಜ್ಜೆ ದೂರ ತೆವಳಿ ನಿಲ್ಲುತ್ತದೆ. ಅಮಸಿದ್ದಪ್ಪ ಚೆಂಡಿನ ಕಡೆ ನೋಡುವುದೇ ಇಲ್ಲ. ಬಗ್ಗಿ ಗೆರೆ ನೋಡುತ್ತಾರೆ. ಗೆರೆಗಿಂತ ನಾಲ್ಕು ಬೆರಳು ಹಿಂದೆಯೇ ಮಣ್ಣು ಕಿತ್ತಿದೆ. ಬಲ ಜೇಬಿನ ಹುಣಸೆ ಬೀಜವೊಂದನ್ನು ಎಡ ಜೇಬಿಗೆ ಹಾಕುತ್ತಾರೆ. ಎಡ ಜೇಬೆಂದರೆ ಕೆಟ್ಟ ಏಟು.

ಈ ಅಭ್ಯಾಸ ನೋಡಿ ಬರೆಯಲೆಂದು ನಾವು ಹೊಲಕ್ಕೆ ಬಂದ ದಿನ ಇದು, ಮಂಗಳವಾರ. ಮೃಣ್ಮಯಿಗೆ ಪುಣೆಯಲ್ಲಿ ಪರೀಕ್ಷೆ ಇನ್ನು ಒಂಬತ್ತು ದಿನಕ್ಕೆ. ಪರೀಕ್ಷೆ ಎಂದರೆ ಓದಿನದಲ್ಲ, ಗಾಲ್ಫ್ ಅನ್ನೇ ಕಸುಬಾಗಿ ಆಡುವ ಹೆಣ್ಣುಮಕ್ಕಳ ಪಟ್ಟಿಗೆ ಸೇರುವ ಅರ್ಹತಾ ಸುತ್ತು. ವರ್ಷಕ್ಕೆ ಒಮ್ಮೆ ಮಾತ್ರ ಬರುತ್ತದೆ. ಹೋದ ವರ್ಷ ಎರಡೇ ಏಟಿನಲ್ಲಿ ಕೈತಪ್ಪಿತ್ತು. ಈ ವರ್ಷ ಕೈ ಸೇರುವುದಿರಲಿ, ಕಬ್ಬಿಣದ ಕೋಲು ಹಿಡಿದರೆ ಚೆಂಡೇ ಏಳುತ್ತಿಲ್ಲ.

ಜಮಖಂಡಿಯಲ್ಲಿ ಗಾಲ್ಫ್ ಮೈದಾನ ಎಲ್ಲಿದೆ ಅಂತ ಕೇಳಿದರೆ ಇಲ್ಲ ಅಂತಲೇ ಹೇಳಬೇಕು. ಇರುವುದು ದಂತವೈದ್ಯ ವಿಶ್ವಾಸ ಅವರ ಉದ್ದನೆಯ ಪಟ್ಟಿ ಹೊಲ. ಅವರು ಪುಣೆಯಲ್ಲಿ ಓದುವಾಗ ಈ ಆಟದ ರುಚಿ ಹತ್ತಿಸಿಕೊಂಡವರು, ಅದನ್ನೇ ಮಗಳು ಮೃಣ್ಮಯಿಗೂ ದಾಟಿಸಿದರು. ಹೊಲದ ತುದಿಗೆ ಬಲೆ ಕಟ್ಟಿದ್ದಾರೆ. ಬಲೆ ತಪ್ಪಿಸಿದ ಚೆಂಡು ಪಕ್ಕದ ಕಬ್ಬಿನ ಪಾಲು. ಕಬ್ಬು ಕಡಿಯುವ ಹೆಣ್ಣುಮಕ್ಕಳು ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ತಗೋರಿ ಕಾಕಾ, ಡಾಕ್ಟರ ಕೋಳಿ ಇವತ್ತ ಹನ್ನೊಂದ ತತ್ತಿ ಇಟ್ಟೈತಿ" ಎಂದು ನಗುತ್ತಾರೆ. ಅಮಸಿದ್ದಪ್ಪನವರೂ ಬಿಡುವವರಲ್ಲ. "ಕಾವ ಕುಂಡರಸಬ್ಯಾಡ್ರವಾ, ಮರಿ ಆಗೂದಿಲ್ಲ" ಎನ್ನುತ್ತಾರೆ. ಈ ವಾರ ಮಾತ್ರ ಆ ನಗೆಚಾಟಿಕೆಗೂ ಅವರ ಬಾಯಿ ತೆರೆಯುತ್ತಿಲ್ಲ.

ವಿಶ್ವಾಸ ಅವರ ಲೆಕ್ಕದಲ್ಲಿ ಅಮಸಿದ್ದಪ್ಪ ಹೊಲ ಕಾಯುವವರು, ಹುಲ್ಲು ಕತ್ತರಿಸುವವರು. ಆದರೆ ಹುನ್ನೂರಿನ ಈ ಅರವತ್ತರ ಮನುಷ್ಯ ಹತ್ತೊಂಬತ್ತನೇ ವಯಸ್ಸಿಗೆ ಗಾರೆಯ ಗೌಂಡಿ ಕೆಲಸಕ್ಕೆಂದು ಪುಣೆಗೆ ಹೋಗಿ, ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾದವರು. ಇಪ್ಪತ್ನಾಲ್ಕು ವರ್ಷ ಹೊತ್ತರು. ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ, ಹೆಗಲಿಗೆ ಹದಿನಾಲ್ಕು ಕಿಲೋ. ಬಲ ಹೆಗಲು ಎಡಕ್ಕಿಂತ ಈಗಲೂ ಎರಡು ಬೆರಳು ಕೆಳಗಿದೆ. ಸೋಮವಾರ ಬೆಳಿಗ್ಗೆ ಮಾತ್ರ ಕ್ಯಾಡಿಗಳಿಗೂ ಆಡಲು ಬಿಡುತ್ತಿದ್ದರಂತೆ.

"ಸಾಹೇಬ್ರು ಚೆಂಡ ಹೊಡದ ಮ್ಯಾಲ ಎಲ್ಲಾರೂ ಮ್ಯಾಲ ನೋಡ್ತಾರ್ರಿ. ನಾ ಕೆಳಗ ನೋಡಾಂವ. ಕಿತ್ತ ಮಣ್ಣ ತಿರಗಿ ತುಂಬೂದು ನನ್ನ ಕೆಲಸ ಇತ್ತಲ್ಲ? ತುಂಬಿ ತುಂಬಿ ಗೊತ್ತಾತು. ಚೆಂಡ ಎತ್ತಾಗ ಹೋಗೇತಿ, ಯಾಕ ಹೋಗೇತಿ, ಎಲ್ಲಾ ಮಣ್ಣಾಗ ಬರದಿರತೈತಿ."

ಅವರು ಹೇಳುವುದನ್ನು ಆಟ ಕಾಣದವರಿಗೂ ಬಿಡಿಸಿ ಹೇಳಬಹುದು. ಕೋಲು ಮೇಲಿನಿಂದ ಇಳಿಯುವಾಗ ಮೊದಲು ಚೆಂಡು ಸಿಗಬೇಕು, ಆಮೇಲೆ ಮಣ್ಣು. ಹಾಗಾದರೆ ಕಿತ್ತ ಗುರುತು ಗೆರೆಯ ಆಚೆ, ಚೆಂಡು ಹೋಗುವ ದಿಕ್ಕಿನಲ್ಲಿ ಬೀಳುತ್ತದೆ. ಆಟಗಾರ ಹಿಂದಿನ ಕಾಲಿಗೇ ಭಾರ ಹಾಕಿ ಚೆಂಡನ್ನು ಎತ್ತಲು ಹೋದರೆ ಕೋಲು ಮೊದಲು ನೆಲಕ್ಕೆ ಬಡಿದು ಏಟಿನ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ. ಎತ್ತುವ ಕೆಲಸವನ್ನು ಕೋಲಿನ ಓರೆ ಮುಖವೇ ಮಾಡುತ್ತದೆ. ಆಟಗಾರ ಮುಂದಿನ ಕಾಲಿನ ಮೇಲೆ ಬಂದು ಧೈರ್ಯವಾಗಿ ಕೆಳಕ್ಕೆ ಹೊಡೆದರಾಯಿತು. ಮೃಣ್ಮಯಿಗೆ ಇದೆಲ್ಲ ಬಾಯಿಪಾಠ. ಕೊನೆಯ ಗಳಿಗೆಯಲ್ಲಿ ಅವಳ ಕೈ ತಾನಾಗಿ ಮೇಲೆ ಸರಿಯುತ್ತದೆ, ಮೈ ಹಿಂದಕ್ಕೆ ಉಳಿಯುತ್ತದೆ.

"ನನಗ ಗೊತ್ತದ ಕಾಕಾ. ಕೈಗೆ ಗೊತ್ತಿಲ್ಲ, ನಾ ಏನ್ ಮಾಡ್ಲಿ?" ಎಂದು ಅವಳು ಕೋಲು ನೆಲಕ್ಕೆ ಹಾಕಿ ಕುಳಿತುಬಿಡುತ್ತಾಳೆ.

ಕೈಗೆ ಹೀಗೆ ಯಾಕಾಯಿತು ಎಂಬುದು ಅಮಸಿದ್ದಪ್ಪನವರಿಗೆ ಗೊತ್ತು. ಅದೇ ಅವರ ಸಂಕಟ. ವಿಶ್ವಾಸ ಅವರು ಮಗಳಿಗೆಂದು ಪ್ಲಾಸ್ಟಿಕ್ ಹುಲ್ಲಿನ ಚಾಪೆ ತರಿಸಿದ್ದರು. ಚಾಪೆಯ ಮೇಲೆ ಕೋಲು ಹಿಂದೆ ಬಿದ್ದರೂ ಜಾರಿ ಮುಂದೆ ಹೋಗಿ ಚೆಂಡನ್ನು ಎತ್ತಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ಅಮಸಿದ್ದಪ್ಪ ಆ ಚಾಪೆ ಸುತ್ತಿ ಎತ್ತಿಟ್ಟು ಅವಳನ್ನು ಬರಿ ಎರೆಮಣ್ಣಿನ ಮೇಲೆ ನಿಲ್ಲಿಸಿದರು. ಬಿಸಿಲಿಗೆ ಬಿರಿದು ಕಲ್ಲಾದ ನೆಲ. ನೀರೆಲ್ಲ ಕಬ್ಬಿಗೆ ಹೋಗುತ್ತಿದ್ದ ದಿನಗಳು ಅವು. ನಾಲ್ಕನೇ ದಿನ ಕೋಲು ನೆಲಕ್ಕೆ ಬಡಿದ ಏಟು ಮಣಿಕಟ್ಟಿಗೆ ಬಂತು. ಆರು ವಾರ ಪಟ್ಟಿ.

"ಚಾಪಿ ಸುಳ್ಳ ಹೇಳತೈತಿ, ಮಣ್ಣ ಖರೆ ಹೇಳತೈತಿ ಅಂತ ದೊಡ್ಡಸ್ತನಾ ಮಾಡಿದ್ನಿರಿ. ಗಟ್ಟಿ ನೆಲದಾಗ ಕಲತ್ರ ಎಲ್ಲೀನೂ ಹೊಡೀತಾಳ ಅಂದ್ನಿ. ಕೈ ವಾಸಿ ಆತು, ಅಂಜಿಕಿ ಉಳೀತು. ಆ ಅಂಜಿಕಿ ಇಟ್ಟಾಂವ ನಾನ ಅಲ್ಲೇನ್ರಿ?"

ಇದನ್ನು ಹೇಳುವಾಗ ಅವರ ಕೈ ಸಾಣಿಗೆಯ ಅಂಚನ್ನು ಉಜ್ಜುತ್ತಲೇ ಇರುತ್ತದೆ. ಆ ಸಾಣಿಗೆಗೂ ಒಂದು ಜಗಳವಿದೆ. "ಜ್ವಾಳದ ಹಿಟ್ಟ ಸಾಣಿಸೂದರಿ ಅದು," ಎಂದು ಅವರ ಹೆಂಡತಿ ಮುತ್ತವ್ವ ನಮ್ಮೆದುರೇ ದೂರುತ್ತಾರೆ. "ಅದನ್ನ ಒಯ್ದು ಮಣ್ಣ ಸಾಣಸ್ತಾನ. ಕೇಳಿದ್ರ, ರೊಟ್ಟಿ ನಾಳೆ ತಿಂದ್ರ ಆತು ಬೇ ಅಂತಾನ. ಉಣ್ಣಾಕ ಕುಂತ್ರ ತಾಟಿನಾಗ ಬೆರಳಿಲೆ ಗೆರಿ ಎಳೀತಾನರಿ ಈ ಮನಶಾ!"

ಮಣ್ಣು ಸಾಣಿಸುವ ಬುದ್ಧಿ ಬಂದದ್ದು ಗರಡಿಮನೆಯಿಂದ. ಹುಡುಗನಿದ್ದಾಗ ಅಮಸಿದ್ದಪ್ಪ ಊರಿನ ಗರಡಿಯಲ್ಲಿ ಮೂರು ವರ್ಷ ಮಣ್ಣು ಹೊತ್ತವರು. "ಪೈಲೆಕ ಡಾವ್, ಪಟ್ಟ ಕಲಸೂದಿಲ್ರಿ, ಬೀಳೂದ ಕಲಸ್ತಾರ. ಮಣ್ಣ ಮೆತ್ತಗ ಮಾಡಿ ಬೀಳಸ್ತಾರ. ನೆಲದ ಅಂಜಿಕಿ ಹೋದ ಮ್ಯಾಲ ಉಳದದ್ದು." ಹಾಗಾಗಿ ಮೂರು ವಾರದ ಹಿಂದೆ, ಕೃಷ್ಣೆಯ ದಂಡೆಗೆ ಹೊಲವಿರುವ ಮೈದುನನ ಟ್ರ್ಯಾಕ್ಟರಿನಲ್ಲಿ ಮೆಕ್ಕಲು ಮಣ್ಣು ತರಿಸಿ, ನಲವತ್ತು ಬುಟ್ಟಿ ಸಾಣಿಸಿ, ನೆಲ ಅಗೆದು ಮೊಣಕೈವರೆಗೆ ಕೈ ಇಳಿಯುವ ಹಾಸು ಮಾಡಿದರು. ಮೊದಲ ಎರಡು ದಿನ ಚೆಂಡೇ ಇಡಲಿಲ್ಲ. "ಬರೇ ಮಣ್ಣ ಹೊಡಿ ತಂಗಿ, ಸಿಟ್ಟ ಬಂದಾಂಗ ಹೊಡಿ." ನಂತರ ದಿನಕ್ಕೆ ನಲವತ್ತು ಚೆಂಡು, ಚೆಂಡಿಗೊಂದು ಹುಣಸೆ ಬೀಜ. ಮೊದಲ ದಿನ ಬಲ ಜೇಬಿನಲ್ಲಿ ಉಳಿದ ಬೀಜ ಆರು. ಈ ಮಂಗಳವಾರ ಹದಿನೇಳು.

ಹದಿನೇಳು ಸಾಲದು ಎಂಬುದು ವಿಶ್ವಾಸ ಅವರ ಮಾತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಇಳಿಯದೆಯೇ ಹೇಳುತ್ತಾರೆ: "ಅಮಸಿದ್ದಪ್ಪಾ, ನೀ ಭಾಳ ಛಲೋ ಮನುಷ್ಯಾ ಇದ್ದಿ. ಆದ್ರ ಪುಣೆದೊಳಗ ಕ್ಯಾಮೆರಾ ಹಚ್ಚಿ ತಿದ್ದೋರಿದ್ದಾರ. ಭಾನುವಾರ ನಾ ಬಂದು ನಿಂತು ನೋಡ್ತೀನಿ. ಆಗ್ಲಿಲ್ಲಂದ್ರ ಅವತ್ತೇ ಕರ್ಕೊಂಡು ಹೋಗ್ತೀನಿ."

"ಆಗಲಿರಿ ಸಾಹೇಬ್ರ," ಎನ್ನುತ್ತಾರೆ ಅಮಸಿದ್ದಪ್ಪ. ಕಾರು ಹೋದ ಮೇಲೆ ಬಗ್ಗಿ ಎಳೆದ ಗೆರೆ ಸೊಟ್ಟಗಾಗುತ್ತದೆ. ಅಳಿಸಿ ಮತ್ತೆ ಎಳೆಯುತ್ತಾರೆ. ಹೊಸ ತರಬೇತುದಾರ ಹೊಸದೊಂದು ಹೇಳಿದರೆ ಈ ಗಳಿಗೆಯಲ್ಲಿ ಅವಳು ಪೂರ್ತಿ ಗೊಂದಲಕ್ಕೆ ಬೀಳುತ್ತಾಳೆ ಎಂಬ ಭಯ ಒಂದು ಕಡೆ. ತನ್ನ ದಾರಿಯೇ ತಪ್ಪಾಗಿದ್ದರೆ ಎಂಬ ಭಯ ಇನ್ನೊಂದು ಕಡೆ.

ಭಾನುವಾರ. ವಿಶ್ವಾಸ ಅವರು ಕೈಕಟ್ಟಿ ನಿಂತಿದ್ದಾರೆ. ಮೃಣ್ಮಯಿಯ ಮೊದಲ ಮೂರು ಏಟೂ ಎಡ ಜೇಬಿಗೆ ಹೋಗುತ್ತವೆ. ತಂದೆ ಗಡಿಯಾರ ನೋಡಿಕೊಳ್ಳುತ್ತಾರೆ. ಅಮಸಿದ್ದಪ್ಪ ನಾಲ್ಕನೇ ಚೆಂಡು ಇಡದೆ ಬರಿ ಗೆರೆ ತೋರಿಸುತ್ತಾರೆ. "ಅಪ್ಪಾರನ್ನ ಬಿಡು, ಚೆಂಡ ಬಿಡು. ಮಣ್ಣ ಹೊಡಿ." ಚೆಂಡಿಲ್ಲದೆ ಹತ್ತು ಸಲ. ಆಮೇಲೆ ಚೆಂಡು. ಈ ಸಲ ಸದ್ದು ಬೇರೆ: ಠಕ್, ಅದರ ಬೆನ್ನಿಗೆ ಚರ್. ಚೆಂಡು ಕಬ್ಬಿನ ತುದಿಯ ಸೂಲಂಗಿ ಹೂವಿಗಿಂತ ಎತ್ತರಕ್ಕೆ ಏರಿ ಬಲೆಯ ನಡುವೆ ಬೀಳುತ್ತದೆ. ಗೆರೆಯ ಆಚೆ ಅಂಗೈಯಷ್ಟು ಗುರುತು. ಮುಂದೆ ಅಂಥದೇ ಇನ್ನೊಂದು, ಮತ್ತೊಂದು. ಕೊನೆಗೆ ಬಲ ಜೇಬಿನಲ್ಲಿ ಮೂವತ್ತೊಂದು ಬೀಜ.

ಆಗ ಅಮಸಿದ್ದಪ್ಪ ಕಾಲು ಚಾಚಿ ಕುಳಿತು, ಹಾಸಿನ ಮೇಲಿನ ಮೆಕ್ಕಲನ್ನು ಅಂಗೈಯಿಂದ ಬದಿಗೆ ಸರಿಸುತ್ತಾರೆ. ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ ಮೆಕ್ಕಲು. ಅದರ ಕೆಳಗೆ, ಹಿಂದಿನ ದಿನ ಹದವಾಗಿ ನೀರುಣಿಸಿ ಬಡಿದು ಬಿಗಿ ಮಾಡಿದ ಅದೇ ಕರಿ ಎರೆಮಣ್ಣು. ದಿನಕ್ಕೆರಡು ಬುಟ್ಟಿಯಂತೆ ಮೆತ್ತನೆ ಮಣ್ಣು ತೆಗೆದು, ಅಡಿಗೆ ಎರೆಮಣ್ಣು ತುಂಬುತ್ತಲೇ ಅವರು ಬಂದಿದ್ದರು, ಯಾರಿಗೂ ಹೇಳದೆ. ನಲವತ್ತು ಬುಟ್ಟಿಯ ಹಾಸು ಈಗ ಎರಡು ಬುಟ್ಟಿಗೆ ಇಳಿದಿದೆ. ಗಾಲ್ಫ್ ಮೈದಾನದ ನೆಲ ಇರುವುದೂ ಹೆಚ್ಚುಕಡಿಮೆ ಇಷ್ಟೇ ಗಟ್ಟಿ.

ಮೃಣ್ಮಯಿ ಬಗ್ಗಿ ಮುಟ್ಟಿ ನೋಡುತ್ತಾಳೆ. ತನ್ನ ಮಣಿಕಟ್ಟನ್ನೂ ಮುಟ್ಟಿಕೊಳ್ಳುತ್ತಾಳೆ.

"ಕಾಕಾ, ನೀ ನನಗ ಮೋಸ ಮಾಡಿದಿ."

"ಹೂಂ ತಂಗಿ, ಮಾಡೇನಿ."

ವಿಶ್ವಾಸ ಅವರು ಹೋಗುವಾಗ ಸಾಣಿಗೆಯನ್ನು ತಾವೇ ಎತ್ತಿ, ಮಣ್ಣು ಕೊಡವಿ, ಅಮಸಿದ್ದಪ್ಪನವರ ಕೈಗೆ ಕೊಡುತ್ತಾರೆ. "ಮುತ್ತವ್ವಗ ಹೊಸಾದು ತರ್ತೀನಿ ಅಂತ ಹೇಳು."

ತಂದೆ ಮಗಳು ಸೋಮವಾರ ಪುಣೆಯ ದಾರಿ ಹಿಡಿಯುತ್ತಾರೆ. ಜೊತೆಗೆ ಬರಲು ಕರೆದರೂ ಅಮಸಿದ್ದಪ್ಪ ಹೋಗುವುದಿಲ್ಲ. ಹದಿನೆಂಟು ಗುಳಿಯ ಮೈದಾನವನ್ನು ಈ ಮೊಣಕಾಲು ನಡೆಯಲಾರದು. ಆದರೆ ಹೊಲದಲ್ಲಿ ಅವರಿಗೆ ಕೂರಲಾಗುತ್ತಿಲ್ಲ. "ತೋರಸಬಾರದಿತ್ತೇನ್ರಿ? ಗಟ್ಟಿ ನೆಲಾ ಅಂತ ಗೊತ್ತಾಗಿ ಅಂಜಿಕಿ ಮತ್ತ ಬಂದ್ರ? ಆದ್ರ ತೋರಸಲಾರದ ಕಳಸಿದ್ರ ಅದೂ ಚಾಪಿ ಹೇಳಿದ ಸುಳ್ಳ ಆಕ್ಕಿತ್ತಲ್ರಿ." ಅವಳಿಂದ ಅವರು ಕೇಳಿಕೊಂಡಿರುವುದು ಒಂದನ್ನೇ. ಅಭ್ಯಾಸದ ದಿನ ಗೆರೆಯ ಬದಲು ಚೆಂಡಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹೊಡೆಯಬೇಕು, ಹೊಡೆದ ನೆಲದ ಫೋಟೋ ಕಳಿಸಬೇಕು.

ಬುಧವಾರ ಮಧ್ಯಾಹ್ನದವರೆಗೂ ಫೋನು ಸುಮ್ಮನಿರುತ್ತದೆ. ಅಮಸಿದ್ದಪ್ಪ ಹುಲ್ಲು ಕತ್ತರಿಸುತ್ತಾರೆ, ನಿಲ್ಲಿಸುತ್ತಾರೆ, ಜೇಬು ಮುಟ್ಟಿಕೊಳ್ಳುತ್ತಾರೆ. ಮುತ್ತವ್ವ ಬುತ್ತಿ ತಂದರೂ ಗಂಟು ಬಿಚ್ಚುವುದಿಲ್ಲ. "ಫೋನ್ ತಿಂದ ಹೊಟ್ಟಿ ತುಂಬಸ್ಕೋತಿಯೇನ?" ಎಂದು ಆಕೆ ಬೈಯುವ ಹೊತ್ತಿಗೆ ಸರಿಯಾಗಿ ಫೋನು ಗುಂಯ್ ಎನ್ನುತ್ತದೆ.

ಫೋಟೋದಲ್ಲಿ ಹಸಿರು ಹುಲ್ಲು, ಒಂದು ನಾಣ್ಯ. ನಾಣ್ಯದ ಆಚೆ, ಎರಡು ಬೆರಳು ಬಿಟ್ಟು, ಚೂರಿಯಿಂದ ಕೊಯ್ದಂಥ ಮಣ್ಣಿನ ಗುರುತು. ಅಮಸಿದ್ದಪ್ಪ ಬಿಸಿಲಿಗೆ ಬೆನ್ನು ಕೊಟ್ಟು, ಫೋಟೋ ದೊಡ್ಡದು ಮಾಡಿ, ನಾಣ್ಯದ ಹಿಂದೆ ಎಲ್ಲಾದರೂ ಹುಲ್ಲು ಹರಿದಿದೆಯೇ ಎಂದು ಹುಡುಕುತ್ತಾರೆ. ಒಂದು ಎಳೆಯೂ ಹರಿದಿಲ್ಲ. ಪರೀಕ್ಷೆ ನಾಳೆ. ಅಂಕ ಎಷ್ಟು ಬಂದೀತೋ ಯಾರಿಗೂ ಗೊತ್ತಿಲ್ಲ.

"ಚೆಂಡು ಎಲ್ಲಿ ಬಿತ್ತಂತೆ?" ಎಂದು ಕೇಳುತ್ತೇವೆ.

"ಅದನ್ನ ಕೇಳಿಲ್ರಿ," ಎನ್ನುತ್ತಾ ಅವರು ಬುತ್ತಿಯ ಗಂಟು ಬಿಚ್ಚುತ್ತಾರೆ. "ಮಣ್ಣ ನೋಡಿದ್ನಿ. ಆಕಿ ಅಂಜಿಲ್ಲ."